ದಾಳಿಂಬದ ಹನ್ನೊಂದು ಮನೆಗಳ ಹೆಪ್ಪು

ನಿಲಂಗಾದ ಕಿರಾಣಿ ವ್ಯಾಪಾರಿಯ ಮಗ ಕಲ್ಯಾಣಪ್ಪ ಪುಣೆಯ ಒಂದು ಪ್ರಯೋಗಶಾಲೆಯಲ್ಲಿ ಸೂಕ್ಷ್ಮಜೀವಿಗಳನ್ನು ನೋಡುವ ಕೆಲಸಕ್ಕಿದ್ದ. ಸಾವಿರದ ಒಂಬೈನೂರಾ ಹನ್ನೆರಡನೆಯ ಇಸವಿಯ ಹೊತ್ತಿಗೆ ಅವನ ಏಳು ಲೇಖನಗಳು ಅಚ್ಚಾಗಿದ್ದವು. ನೆಲದೊಳಗಿನ ಹಗೇವಿನಲ್ಲಿಟ್ಟ ಜೋಳಕ್ಕೆ ಹಿಡಿಯುವ ಬೂಷ್ಟಿನ ಮೇಲೆ ಒಂದು, ಉದಗೀರ ಕೋಟೆಯ ಬಾವಿ ನೀರಿನ ಮೇಲೆ ಒಂದು, ಹುಳಿಬಿದ್ದ ಕಬ್ಬಿನ ಹಾಲಿನ ಮೇಲೆ ಎರಡು, ಹೀಗೆ. ಏಳೂ ಲಂಡನ್, ಕಲ್ಕತ್ತೆಗಳ ಮರ್ಯಾದಸ್ಥ ಪತ್ರಿಕೆಗಳಲ್ಲೇ ಬಂದಿದ್ದವು. ಬಂದು ಅಲ್ಲೇ ಮಲಗಿದ್ದವು.

ವಿದ್ವಾಂಸರ ಲೋಕದಲ್ಲಿ ಒಂದು ರೂಢಿಯಿದೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಿ ತನ್ನ ಬರಹದಲ್ಲಿ ಬಳಸಿಕೊಂಡರೆ, ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ, ಇಂಥವನು ಇಂಥ ವರ್ಷ ಈ ಮಾತು ಹೇಳಿದ್ದಾನೆ ಎಂದು ಹೆಸರು ಹಾಕಬೇಕು. ಆ ಹೆಸರು ಬಿದ್ದರೆ ನೀವು ಇದ್ದೀರಿ. ಬೀಳದಿದ್ದರೆ ಎಷ್ಟು ಬರೆದರೂ ಇಲ್ಲ. ವಿಲಾಯಿತಿ ಟಪಾಲು ಬಂದ ದಿನ ಉಳಿದವರೆಲ್ಲ ಪತ್ರಿಕೆಯನ್ನು ಮೇಲಿನಿಂದ ಓದಿದರೆ ಕಲ್ಯಾಣಪ್ಪ ಕೆಳಗಿನಿಂದ ಓದುತ್ತಿದ್ದ. ಅವನದೊಂದು ನೋಟುಬುಕ್ಕಿತ್ತು. ಎಡಕ್ಕೆ ಅಚ್ಚಾದದ್ದು, ಬಲಕ್ಕೆ ಯಾರಾದರೂ ನೆನೆದದ್ದು. ಎಡಗಡೆ ಏಳು ಸಾಲು ತುಂಬಿದ್ದವು, ಬಲಗಡೆ ಹಾಳೆ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಬೆಳ್ಳಗಿತ್ತು. ಮೂವತ್ತು ದಾಟಿದ ಗಂಡಸು ಇಂಥದಕ್ಕೆ ಮುಖ ಸಣ್ಣದು ಮಾಡಿಕೊಳ್ಳಬಾರದು ಎಂದು ನಾವು ಹೇಳಬಹುದು. ಆದರೆ ಅವನು ಮಾಡಿಕೊಳ್ಳುತ್ತಿದ್ದ.

ಆ ವರ್ಷದ ಮಾರ್ಚಿನಲ್ಲಿ ಡೆನ್ಮಾರ್ಕಿನಿಂದ ಒಂದು ದಪ್ಪ ಪುಸ್ತಕ ಬಂತು. ಹಾಲು ಹುಳಿಯಾಗುವ ವಿದ್ಯೆಯಲ್ಲಿ ಆಗ ಹೆಸರಾಗಿದ್ದ ಪ್ರೊಫೆಸರ್ ಥೋರ್ಸೆನ್ ಎಂಬುವರು ಬರೆದದ್ದು. ಮೊಸರು ತಿಂದರೆ ಆಯುಷ್ಯ ಹೆಚ್ಚುತ್ತದೆ ಎಂಬ ಹುಚ್ಚು ಯುರೋಪಿಗೆ ಹಿಡಿದಿದ್ದ ಕಾಲ ಅದು. ಕಲ್ಯಾಣಪ್ಪ ಎಂದಿನಂತೆ ಪುಟಗಳ ಅಡಿ ನೋಡುತ್ತ ಹೋದ. ಇನ್ನೂರಾ ಹದಿನಾಲ್ಕನೇ ಪುಟದಲ್ಲಿ ಅವನ ಹೆಸರಿತ್ತು. ಅಡಿಯಲ್ಲಿ ಮಾತ್ರವಲ್ಲ, ಮೇಲೂ ಇತ್ತು. "ಹೈದರಾಬಾದ್ ಸಂಸ್ಥಾನದ ದಾಳಿಂಬ ಎಂಬ ಹಳ್ಳಿಯಲ್ಲಿ ಹನ್ನೊಂದು ಬೇರೆಬೇರೆ ಮನೆಗಳ ಹೆಪ್ಪಿನಲ್ಲೂ ಒಂದೇ ಜೀವಿ ಇರುವುದನ್ನು ಕಲ್ಯಾಣಪ್ಪ ತೋರಿಸಿಕೊಟ್ಟಿದ್ದಾರೆ, ಹಳೆಯ ಹಳ್ಳಿಗೊಂದು ಅದರದೇ ಹೆಪ್ಪು ನೆಲೆನಿಲ್ಲುತ್ತದೆ ಎಂಬುದಕ್ಕೆ ಇದು ಮೊದಲ ಪುರಾವೆ." ಅವನು ಎದ್ದ. ಬಾಗಿಲು ಹಾಕಿಕೊಂಡು ಬಂದು ಇನ್ನೊಮ್ಮೆ ಓದಿದ.

ಆ ಲೇಖನ ಹುಟ್ಟಿದ್ದು ಎರಡು ವರ್ಷದ ಹಿಂದೆ. ಚಳಿಜ್ವರ ಬಂದು ಸೊರಗಿದ್ದ ಕಲ್ಯಾಣಪ್ಪ ರಜೆ ಹಾಕಿ, ಉಮರ್ಗಾದ ಹತ್ತಿರದ ದಾಳಿಂಬದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಸೋದರಮಾವ ರೇವಣಪ್ಪನ ಮನೆಯಲ್ಲಿ ಎರಡು ತಿಂಗಳಿದ್ದ. ಸುಮ್ಮನೆ ಕೂರಲಾಗದೆ ಊರಿನ ಲಿಂಗವಂತ ಒಕ್ಕಲಿಗರ ಮನೆಗಳಿಂದ ಚೂರುಚೂರು ಹೆಪ್ಪು ತಂದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡತೊಡಗಿದ. ಹೆಪ್ಪು ಎಂದರೆ ಹಾಲು ಮೊಸರಾಗಲು ಹಾಕುವ ಹಿಂದಿನ ದಿನದ ಮೊಸರು, ಇದನ್ನೇನೂ ಹೇಳಬೇಕಿಲ್ಲ. ಅವನು ಹೋಗುತ್ತಿದ್ದದ್ದು ಸೋಮವಾರಗಳಲ್ಲಿ ಮಾತ್ರ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಆದ್ದರಿಂದ ಗಂಡಸರು ಮನೆಯಲ್ಲಿರುತ್ತಾರೆ. ಉಳಿದ ದಿನ ಗಂಡಸರೆಲ್ಲ ಹೊಲದಲ್ಲಿ, ಬರೀ ಹೆಂಗಸರಿರುವ ಮನೆಗೆ ಪರಗಂಡಸು ಹೋಗುವುದು ಚೆಂದವಲ್ಲ. ಯಜಮಾನನ ಜೊತೆ ಪಡಸಾಲೆಯಲ್ಲಿ ಕೂತು ಹವಾಪಾಣಿ ಮಾತಾಡಿ, ಕೊಟ್ಟ ಉಂಡೆ ತಿನ್ನುವಷ್ಟರಲ್ಲಿ ಒಳಗಿನಿಂದ ಬಟ್ಟಲಲ್ಲಿ ಹೆಪ್ಪು ಬರುತ್ತಿತ್ತು. ಹೀಗೆ ಎಂಟು ಸೋಮವಾರ, ಹನ್ನೊಂದು ಮನೆ. ಹನ್ನೊಂದರಲ್ಲೂ ಒಂದೇ ಜೀವಿ: ತೆಳ್ಳಗಿನ ಉದ್ದನೆಯ ಕೋಲು. ನಿಲಂಗಾ, ಉದಗೀರಗಳ ಪೇಟೆ ಮನೆಗಳಲ್ಲಿ ನೋಡಿದರೆ ಮನೆಗೊಂದು ಥರ. ಪೇಟೆಯಲ್ಲಿ ಕಲಸುಮೇಲೋಗರ, ಹಳ್ಳಿಯಲ್ಲಿ ಒಂದೇ. ಎಂಥ ಸೊಗಸಾದ ಸಿದ್ಧಾಂತ.

ಪುಸ್ತಕ ಬಂದ ಹದಿನೈದು ದಿನಕ್ಕೆ ಥೋರ್ಸೆನ್ ಅವರದೇ ಕಾಗದ ಬಂತು. ಹನ್ನೊಂದು ಮನೆಗಳ ಹೊಸ ಹೆಪ್ಪನ್ನು ಬೇರೆಬೇರೆ ನಳಿಕೆಗಳಲ್ಲಿ ಕಳಿಸಿಕೊಡಿ, ಮುಂದಿನ ಆವೃತ್ತಿಯಲ್ಲಿ ದಾಳಿಂಬಕ್ಕೆ ಪೂರ್ತಿ ಎರಡು ಪುಟ ಕೊಡುತ್ತೇನೆ ಎಂದು. ಪ್ರಯೋಗಶಾಲೆಯ ಇಂಗ್ಲಿಷ್ ಸಾಹೇಬ ಆ ಕಾಗದ ಓದಿ ಮೊದಲ ಸಲ ಕಲ್ಯಾಣಪ್ಪನಿಗೆ ಕುರ್ಚಿ ತೋರಿಸಿದ. ಜೂನಿನಲ್ಲಿ ಮುಖ್ಯ ಸಹಾಯಕನ ಕಾಯಂ ಜಾಗ ತುಂಬಬೇಕಿತ್ತು. ಇಬ್ಬರು ಉಮೇದುವಾರರು, ಒಬ್ಬ ಇವನು. ಥೋರ್ಸೆನ್ನರಿಗೆ ಬೇಕಾದದ್ದನ್ನು ತಂದುಕೊಡು, ಉಳಿದದ್ದು ನನಗೆ ಬಿಡು ಎಂದ ಸಾಹೇಬ. ಆ ಜಾಗ ಸಿಕ್ಕರೆ ಅವನದೇ ಸ್ವಂತ ಕೋಣೆ, ಸ್ವಂತ ಸಂಶೋಧನೆ. ಸಿಗದಿದ್ದರೆ ಇನ್ನೊಬ್ಬರು ಹೇಳಿದ ನಳಿಕೆ ತೊಳೆದುಕೊಂಡು ಇರುವುದು.

ಏಪ್ರಿಲ್ ಬಿಸಿಲಿನಲ್ಲಿ ಅವನು ಸೋಲಾಪುರದಲ್ಲಿ ರೈಲಿಳಿದು ಟಾಂಗಾ ಹಿಡಿದ. ನಿಜಾಮನ ಸರಹದ್ದಿನ ಸುಂಕದ ಕಟ್ಟೆಯಲ್ಲಿ ಕಾರಕೂನ ಸೂಕ್ಷ್ಮದರ್ಶಕದ ಪೆಟ್ಟಿಗೆ ಬಿಚ್ಚಿಸಿ, ಇದಕ್ಕೆ ಯಾವ ಬಾಬತ್ತಿನಲ್ಲಿ ಸುಂಕ ಹಾಕಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ. ಕಲ್ಯಾಣಪ್ಪ ಅವನದೇ ಹೂಜಿಯ ನೀರಿನ ಒಂದು ಹನಿ ಗಾಜಿನ ಮೇಲಿಟ್ಟು ತೋರಿಸಿದ. ಕಾರಕೂನ ಬಹಳ ಹೊತ್ತು ಬಗ್ಗಿ ನೋಡಿ, ಎದ್ದು, ಹೂಜಿಯ ನೀರನ್ನೆಲ್ಲ ರಸ್ತೆಗೆ ಚೆಲ್ಲಿ, ಪೆಟ್ಟಿಗೆಯನ್ನು ಸುಂಕವಿಲ್ಲದೆ ಬಿಟ್ಟ.

ದಾಳಿಂಬ ಮುಟ್ಟಿದ್ದು ಮಂಗಳವಾರ. ಮುಂಬಯಿಯಿಂದ ವಿಲಾಯಿತಿ ಹಡಗು ಹೊರಡಲು ಹೆಚ್ಚು ದಿನವಿರಲಿಲ್ಲ, ಸೋಮವಾರದ ತನಕ ಕಾಯುವ ಹಾಗಿರಲಿಲ್ಲ. ಮಾವನ ಹೆಂಡತಿ ರಂಭಾಬಾಯಿ ಅದಕ್ಕೆ ಉಪಾಯ ಹೇಳಿದಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಮಾತಿಗೂ ಕೆಲಸಕ್ಕೂ ಹಿಂದೆಗೆಯುವವಳಲ್ಲ.

"ನೀ ಯಾಕ ಹೋಗ್ತಿ? ನಾ ತರ್ತೀನಿ ಕೊಡು. ಹೆಂಗಸರ ಕೆಲಸ ಅದ ಇದು."

ಬುಧವಾರ ಬೆಳಿಗ್ಗೆ ಅವಳು ಹನ್ನೊಂದು ಗಾಜಿನ ನಳಿಕೆಗಳನ್ನು ಬುಟ್ಟಿಯಲ್ಲಿ ಜೋಡಿಸಿಕೊಂಡು ಹೋದಳು. ಪ್ರತಿ ಮನೆಯಲ್ಲೂ ಚಮಚವನ್ನು ಕುದಿಯುವ ನೀರಿನಲ್ಲಿ ಅದ್ದಬೇಕು, ನಳಿಕೆಯ ಬಾಯಿಗೆ ಬೆರಳು ತಾಗಬಾರದು ಎಂದು ಅವನು ನಾಲ್ಕು ಸಲ ಹೇಳಿದ. ನಾಲ್ಕನೇ ಸಲ ಹೇಳುವಷ್ಟರಲ್ಲಿ ಅವಳು ಓಣಿ ದಾಟಿದ್ದಳು.

ಮಧ್ಯಾಹ್ನಕ್ಕೆ ಬುಟ್ಟಿ ಬಂತು. ಕಲ್ಯಾಣಪ್ಪ ಕಿಟಕಿಯ ಬೆಳಕಿಗೆ ಮಣೆ ಹಾಕಿ, ಮೊದಲ ಮನೆಯ ಹೆಪ್ಪನ್ನು ಗಾಜಿಗೆ ಸವರಿ, ನೀಲಿ ಬಣ್ಣ ಹಾಕಿ ಕಣ್ಣಿಟ್ಟ. ಅಲ್ಲಿ ಕೋಲಿರಲಿಲ್ಲ. ಪೋಣಿಸಿದ ಮಣಿಗಳ ಹಾಗೆ ದುಂಡುದುಂಡು ಜೀವಿಗಳ ಸರ. ಎರಡನೆಯದರಲ್ಲಿ ಮಣಿಗಳ ಜೊತೆ ಹೆಂಡಕ್ಕೆ ಬೀಳುವಂಥ ದೊಡ್ಡ ಮೊಟ್ಟೆಯಾಕಾರದ ಬೂಷ್ಟು. ಮೂರನೆಯದರಲ್ಲಿ ಮೋಟು ಕೋಲು. ಹೊತ್ತು ಇಳಿಯುವಷ್ಟರಲ್ಲಿ ಹನ್ನೊಂದೂ ಮುಗಿದವು. ಆರು ಥರದ ಜಾತ್ರೆಯೇ ಅಲ್ಲಿ ನೆರೆದಿತ್ತು, ಆದರೆ ಅವನ ಉದ್ದ ಕೋಲು ಒಂದೆಂದರೆ ಒಂದರಲ್ಲೂ ಇರಲಿಲ್ಲ. ಕಲ್ಯಾಣಪ್ಪ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ.

"ಅತ್ತಿ, ಚಮಚಾ ಕುದಿಯ ನೀರಾಗ ಅದ್ದಿದ್ದಿ ಹೌದಲ್ಲ?"

"ಅದ್ದೀನಿ. ಹನ್ನೊಂದು ಮನ್ಯಾಗೂ ಅದ್ದೀನಿ. ಬಾಜೂ ಮನಿ ಗುಂಡಮ್ಮ ನಗಲತ್ತಿದ್ದಳು, ನಿಮ್ಮ ಅಳಿಯ ಮೊಸರಿಗೂ ಜಳಕಾ ಮಾಡಸ್ತಾನೇನು ಅಂತ."

"ಮತ್ತ ಇವೆಲ್ಲಾ ಬ್ಯಾರೆ ಬ್ಯಾರೆ ಹ್ಯಾಂಗ ಅವ?"

"ಹನ್ನೊಂದು ಮನಿ, ಹನ್ನೊಂದು ಹೆಪ್ಪ. ಬ್ಯಾರೆ ಇರಲಾರದ ಒಂದೇ ಹ್ಯಾಂಗ ಇರ್ತಾವ?"

"ಎರಡ ವರ್ಷದ ಹಿಂದ ಎಲ್ಲಾ ಒಂದೇ ಇದ್ದವಲ್ಲ."

"ಆವಾಗ ನೀ ಸೋಮಾರ ಬಂದಿದ್ದಿ," ಎಂದಳು ರಂಭಾಬಾಯಿ, ಹಿಟ್ಟು ನಾದುವುದನ್ನು ನಿಲ್ಲಿಸದೆ.

"ಸೋಮಾರ ಬಂದರ ಏನಾಯ್ತು?"

ಈಗ ಅವಳು ಕೈ ನಿಲ್ಲಿಸಿದಳು. ಇಷ್ಟು ಓದಿದವನು ಇಷ್ಟು ತಿಳಿಯದವನೂ ಆಗಿರಬಹುದೇ ಎಂದು ಅವನ ಮುಖವನ್ನೇ ನೋಡಿದಳು.

"ಸೋಮಾರ ಮನಿ ಹೈನ ಹೊಸ್ತಲಾ ದಾಟಬಾರದು. ಹಾಲು ಇಲ್ಲ, ಮೊಸರು ಇಲ್ಲ, ಹೆಪ್ಪಂತೂ ಬಿಲ್ಕುಲ್ ಇಲ್ಲ. ಕೊಟ್ಟರ ಆಕಳು ಬತ್ತತಾವ. ಇದು ನಿಂಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ನಿಲಂಗಾದ ಅವನ ಮನೆಯಲ್ಲಿ ಆಕಳೂ ಇರಲಿಲ್ಲ, ಎಮ್ಮೆಯೂ ಇರಲಿಲ್ಲ. ಗೌಳಿ ತಂದು ಅಳೆದು ಹಾಕುವ ಹಾಲಿಗೆ ಸೋಮವಾರ ಮಂಗಳವಾರದ ಹಂಗಿರಲಿಲ್ಲ. ತಾಯಿ ಅವನ ಐದನೇ ವರ್ಷಕ್ಕೇ ತೀರಿಕೊಂಡಿದ್ದಳು, ಹತ್ತನೇ ವರ್ಷಕ್ಕೆ ಅವನು ಓದಲು ಊರು ಬಿಟ್ಟಿದ್ದ. ಹೈನಿನ ಬಗ್ಗೆ ಅವನಿಗೆ ತಿಳಿದದ್ದೆಲ್ಲ ಇಂಗ್ಲಿಷ್ ಮತ್ತು ಜರ್ಮನ್ ಪುಸ್ತಕಗಳಿಂದ, ಅವುಗಳಲ್ಲಿ ಸೋಮವಾರದ ಪ್ರಸ್ತಾಪ ಎಲ್ಲೂ ಬಂದಿರಲಿಲ್ಲ.

"ಮತ್ತ ನಂಗ ಕೊಟ್ಟಿರಲ್ಲ?"

"ಮನಿಗಿ ಬಂದವರಿಗಿ ಖಾಲಿ ಕೈಲೆ ಕಳಸಲಿಕ್ಕಿ ಬರ್ತದೇನು? ಅದೂ ರೇವಣಪ್ಪನೋರ ಅಳಿಯ, ಜ್ವರ ಬಂದು ಸೊರಗ್ಯಾನ. ಅದಕ್ಕ ಎಲ್ಲಾರೂ ನಿಂಗ ಉಂಡಿ ಕೊಟ್ಟು ಕೂಡಿಸಿ, ಹಿತ್ತಲ ಬಾಗಲಲಿಂದ ಮಠಕ್ಕ ಹೋಗಿ ಬಂಡಮ್ಮನ ಕಡಿಂದ ತಂದು ಕೊಡ್ತಿದ್ದೇವು. ಮಠದ ಹೈನಕ್ಕ ಸೋಮಾರ ಇಲ್ಲ. ಅದು ಯಾರದೂ ಅಲ್ಲ, ಊರಂದು."

"ಹನ್ನೊಂದು ಮನಿಯವರೂ?"

"ಹನ್ನೊಂದೂ. ನೀ ಪುಣೆಕ್ಕ ಒಯ್ತಿ ಅಂತ ನಾನೂ." ಅವಳ ಮಾತಿನಲ್ಲಿ ತಪ್ಪೊಪ್ಪಿಗೆಯ ಲವಲೇಶವೂ ಇರಲಿಲ್ಲ. ನಿಯಮವೂ ಉಳಿಯಿತು, ಬಂದವನ ಮನಸ್ಸೂ ಉಳಿಯಿತು, ಇದಕ್ಕಿಂತ ಜಾಣತನ ಇನ್ನೇನಿದೆ ಎಂಬ ಹೆಮ್ಮೆಯಿತ್ತು.

ಕಲ್ಯಾಣಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟ. ಹನ್ನೊಂದು ಮನೆಗಳೆಂದು ಅವನು ಜಗತ್ತಿಗೆ ಸಾರಿದ್ದು ಒಂದೇ ಗಡಿಗೆಯಾಗಿತ್ತು. ಏಳು ಲೇಖನಗಳಲ್ಲಿ ಯಾರಾದರೂ ನೆನೆದದ್ದು ಒಂದೇ ಒಂದನ್ನು, ಆ ಒಂದೇ ಸುಳ್ಳಾಗಿತ್ತು. ಅವನಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆ ಬಂತು. ಎಂಟು ಸೋಮವಾರ ಪಡಸಾಲೆಯಲ್ಲಿ ಕೂತು ಉಂಡೆ ತಿಂದವನಿಗೆ, ಬಟ್ಟಲು ಬರಲು ಯಾಕೆ ಅಷ್ಟು ಹೊತ್ತಾಗುತ್ತದೆ ಎಂದು ಒಂದು ಸಲವೂ ಕೇಳಬೇಕೆನಿಸಿರಲಿಲ್ಲ.

ರಂಭಾಬಾಯಿ ಹಿಟ್ಟಿನ ಕೈ ತೊಳೆದು ಅವನ ಹತ್ತಿರ ಬಂದಳು. "ನಿಂಗ ಅದೇ ಹೆಪ್ಪ ಬೇಕಲ್ಲ? ಅದಕ್ಕ್ಯಾಕ ಹೀಂಗ ಕುಂತಿ? ನಾಕು ದಿನ ನಿಲ್ಲು. ಸೋಮಾರ ಮೊದಲಿನ ಹಂಗೇ ಮನಿ ಮನಿಗಿ ಹೋಗು. ಎಲ್ಲಾರೂ ಅದೇ ಕೊಡ್ತಾರ."

ಸಂಜೆ ಹೊಲದಿಂದ ಬಂದ ರೇವಣಪ್ಪನೂ ಇದನ್ನೇ ಇನ್ನಷ್ಟು ಬಿಡಿಸಿ ಹೇಳಿದ. "ಸಾಹೇಬ ಏನು ಹೇಳ್ಯಾನ? ಹನ್ನೊಂದು ಮನಿಗಿ ಹೋಗಿ ತಾ ಅಂದಾನ. ನೀ ಹನ್ನೊಂದು ಮನಿಗಿ ಹೋಗ್ತಿ, ಹನ್ನೊಂದು ಬಟ್ಟಲಾ ತರ್ತಿ. ಇದರಾಗ ಸುಳ್ಳ ಎಲ್ಲ್ಯದ? ಡೆನ್ಮಾರ್ಕಿನವ ದಾಳಿಂಬಕ್ಕ ಬಂದು ಸೋಮಾರ ಅದನೋ ಬುಧವಾರ ಅದನೋ ಅಂತ ನೋಡ್ತಾನೇನು?"

ನೋಡುವುದಿಲ್ಲ, ಅದೇ ತೊಂದರೆಯಾಗಿತ್ತು. ಸಿಕ್ಕಿಬೀಳುವ ಭಯವಿದ್ದಿದ್ದರೆ ಕಲ್ಯಾಣಪ್ಪ ಆ ಕ್ಷಣವೇ ಬೇಡವೆನ್ನುತ್ತಿದ್ದ. ಯಾರಿಗೂ ಎಂದೂ ಗೊತ್ತಾಗದು ಎಂದು ಖಾತ್ರಿಯಾದ್ದರಿಂದಲೇ ಆ ಮಾತು ಮನಸ್ಸಿನಲ್ಲಿ ಬೇರು ಬಿಟ್ಟಿತು. ಹಡಗು ತಪ್ಪಿದರೆ ಮುಂದಿನ ವಾರ ಇನ್ನೊಂದಿತ್ತು. ಅವನು ಉಳಿದುಕೊಂಡ.

ಉಳಿದವನು ಸುಮ್ಮನೆ ಕೂತಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಗುರುವಾರ ಬೆಳಿಗ್ಗೆ ಎದ್ದಾಗ ಅವನ ತಲೆಯಲ್ಲಿ ಜಾಗದ ಚಿಂತೆಯ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಎದ್ದು ಕೂತಿತ್ತು. ಊರ ಮನೆಗಳ ಹೆಪ್ಪೆಲ್ಲ ಆರು ಥರ. ಮಠದ್ದು ಮಾತ್ರ ಎರಡು ತಿಂಗಳು, ಎಂಟು ಸೋಮವಾರ, ಒಂದಿಷ್ಟೂ ಬದಲಾಗದ ಒಂದೇ ಕೋಲು. ಯಾಕೆ? ತನ್ನ ಮಾನ ಹೋಗುತ್ತಿರುವಾಗ ಇದನ್ನೆಲ್ಲ ಕಟ್ಟಿಕೊಂಡು ಏನಾಗಬೇಕು ಎಂದು ತನ್ನನ್ನೇ ಬೈದುಕೊಂಡ. ಬೈದುಕೊಳ್ಳುತ್ತಲೇ ಚಪ್ಪಲಿ ಮೆಟ್ಟಿ ರಂಭಾಬಾಯಿಯನ್ನು ಕರೆದುಕೊಂಡು ಮಠಕ್ಕೆ ಹೊರಟ.

ಮಠವೆಂದರೆ ದೊಡ್ಡದೇನಲ್ಲ, ಮಣ್ಣಿನ ಮಾಳಿಗೆಯ ಮೂರು ಅಂಕಣ. ಅಲ್ಲಿ ಜಂಗಮ ರಾಚಯ್ಯನೂ ಅವನ ವಿಧವೆ ಅಕ್ಕ ಬಂಡಮ್ಮನೂ ಇದ್ದರು. ಬಂಡಮ್ಮ ಬಡಕಲು ಮೈಯ, ಕಡಿಮೆ ಮಾತಿನ ಹೆಂಗಸು. ಮೊಸರಿನ ಗಡಿಗೆ ನೋಡಬೇಕು ಎಂದಾಗ ಅವಳು ಅವರನ್ನು ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಒಂದು ತಗ್ಗು, ತಗ್ಗಿನ ತುಂಬ ಬೂದಿ. ಊರಿಗೆಲ್ಲ ವಿಭೂತಿ ಮಾಡುವುದು ಮಠದ ಕೆಲಸ, ಅದಕ್ಕೆ ಬೆರಣಿ ಸುಡುವ ತಗ್ಗು ಅದು. ಬೆಂಕಿ ಒಂದು ಮಗ್ಗುಲಲ್ಲಿ, ಇನ್ನೊಂದು ಮಗ್ಗುಲಿನ ಬೂದಿಯಲ್ಲಿ ಕುತ್ತಿಗೆಯವರೆಗೆ ಹೂತಿಟ್ಟ ಕರಿ ಗಡಿಗೆ.

"ಮೊಸರು ಇಲ್ಲ್ಯಾಕ ಇಡ್ತೀರಿ?" ಎಂದು ಕೇಳಿದ.

"ಒಳಗ ಜಾಗಾ ಇಲ್ಲ," ಎಂದಳು ಬಂಡಮ್ಮ.

"ಯಾವಾಗಿಂದ?"

"ನಾ ಇಲ್ಲಿ ಬಂದು ಮೂವತ್ತು ವರ್ಷ ಆಯ್ತು. ಆವಾಗಿಂದ."

ಕಲ್ಯಾಣಪ್ಪ ಚೀಲದಿಂದ ಉಷ್ಣಮಾಪಕ ತೆಗೆದು ಬೂದಿಗೆ ತುರುಕಿದ. ಪಾದರಸ ಫ್ಯಾರನ್‌ಹೀಟ್ ನೂರ ಹನ್ನೊಂದು ಡಿಗ್ರಿಗೆ ಏರಿ ನಿಂತಿತು. ಮಧ್ಯಾಹ್ನ ನೋಡಿದ, ಸಂಜೆ ನೋಡಿದ, ಶುಕ್ರವಾರ ಮತ್ತೆ ನೋಡಿದ. ನೂರ ಹತ್ತು, ನೂರ ಹನ್ನೆರಡು, ನೂರ ಹನ್ನೊಂದು. ಗುಂಡಮ್ಮನ ಅಡುಗೆಮನೆಯಲ್ಲಿ ತೊಂಬತ್ತೊಂದು, ರಂಭಾಬಾಯಿಯದರಲ್ಲಿ ಎಂಬತ್ತೊಂಬತ್ತು. ಗಡಿಗೆಯ ಮೊಸರನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ, ಅಲ್ಲಿ ಬರೀ ಉದ್ದ ಕೋಲು. ಮನೆಗಳ ಹದವಾದ ತಂಪಿನಲ್ಲಿ ಮಣಿ, ಮೋಟು, ಬೂಷ್ಟು ಎಲ್ಲ ಬೆಳೆಯುತ್ತವೆ. ಬೂದಿಯ ಬಿಸಿಯಲ್ಲಿ ಅವೆಲ್ಲ ಸೊರಗಿ, ಉದ್ದ ಕೋಲೊಂದೇ ಗೆದ್ದು ನಿಲ್ಲುತ್ತದೆ. ಸೋಮವಾರ ಬಿಟ್ಟು ಉಳಿದ ದಿನ ಊರ ಮನೆಗಳೆಲ್ಲ ಮಠಕ್ಕೆ ಹಾಲು ಹೊಯ್ಯುತ್ತವೆ, ಆ ಹಾಲಿನ ಜೊತೆ ಏನೇನೋ ಬರುತ್ತದೆ, ಬಂದದ್ದನ್ನೆಲ್ಲ ಬೂದಿ ಬಸಿದುಹಾಕುತ್ತದೆ. ಮೂವತ್ತು ವರ್ಷ ಹೀಗೆ ನಡೆದಿತ್ತು. ಯುರೋಪಿನವರು ಹಿತ್ತಾಳೆಯ ಯಂತ್ರ ಕಟ್ಟಿ ಮಾಡುವುದನ್ನು ಬಂಡಮ್ಮ ಒಳಗೆ ಜಾಗವಿಲ್ಲದ್ದಕ್ಕೆ ಮಾಡಿದ್ದಳು. ಕಲ್ಯಾಣಪ್ಪನಿಗೆ ಆ ಎರಡು ದಿನ ಜೂನೂ ನೆನಪಿರಲಿಲ್ಲ, ಸಾಹೇಬನೂ ನೆನಪಿರಲಿಲ್ಲ. ಮಕ್ಕಳ ಹಾಗೆ ಖುಷಿಪಟ್ಟ.

ಶನಿವಾರ ಗಡಿಗೆಯಿಂದ ಹೆಪ್ಪು ತೆಗೆದು ಒಂದು ನಳಿಕೆಗೆ ಹಾಕಿ, ಮೇಣದಿಂದ ಬಾಯಿ ಮುಚ್ಚಿ, ಚೀಟಿ ಅಂಟಿಸಿದ. ಹಿಂದಿನ ಲೇಖನದಲ್ಲಿ ಅವನು ಹಾಕಿದ್ದು ಗಂಡಸರ ಹೆಸರುಗಳನ್ನು: ರೇವಣಪ್ಪನ ಮನೆ, ಇನ್ನೊಬ್ಬ ಯಜಮಾನನ ಮನೆ, ಹೀಗೆ. ಅದೇ ರೂಢಿಯಲ್ಲಿ ಚೀಟಿಯ ಮೇಲೆ ರಾಚಯ್ಯ ಎಂದು ಬರೆಯಹೊರಟ. ಪಕ್ಕದಲ್ಲಿದ್ದ ರಂಭಾಬಾಯಿ ಏನು ಬರೆಯುತ್ತೀ ಎಂದು ಕೇಳಿ, ಉತ್ತರ ಕೇಳಿ ನಕ್ಕಳು.

"ರಾಚಯ್ಯನೋರು ಹುಟ್ಟಿದಾಗಿಂದ ಒಂದು ದಫೆ ಹೆಪ್ಪ ಹಾಕ್ಯಾರೇನು? ಕೇಳು ಜರಾ."

ಕಲ್ಯಾಣಪ್ಪನ ಕೈ ನಿಂತಿತು. ಅತ್ತೆಯನ್ನು ಬಿಟ್ಟರೆ ಆ ಮನೆಗಳಲ್ಲಿ ತಾನು ಯಾರನ್ನು ಕೇಳಬೇಕಿತ್ತೋ ಅವರ ಹೆಸರೇ ತನಗೆ ಗೊತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ 'ಬಂಡಮ್ಮ, ದಾಳಿಂಬ' ಎಂದು ಬರೆದ.

ಭಾನುವಾರ ಬೆಳಿಗ್ಗೆ ಅವನು ಗಂಟು ಕಟ್ಟಿದ. ಊರ ಹೆಂಗಸರೆಲ್ಲ ನಾಳೆಗೆ ತಯಾರಾಗಿದ್ದಾರೆ, ಒಂದು ದಿನ ನಿಂತು ಹೋಗು ಎಂದು ರಂಭಾಬಾಯಿ ಒತ್ತಾಯ ಮಾಡಿದಳು. ಅವನು ನಿಲ್ಲಲಿಲ್ಲ. ಸೋಮವಾರದ ತನಕ ಉಳಿದರೆ ಅವನಿಗೆ ತನ್ನ ಮೇಲೆಯೇ ಭರವಸೆಯಿರಲಿಲ್ಲ.

ಪುಣೆಯಲ್ಲಿ ಕೂತು ಎರಡು ಪುಟದ ತಿದ್ದುಪಡಿ ಬರೆದ. "ಹನ್ನೊಂದು ಮನೆಗಳೆಂದು ನಾನು ಹೇಳಿದ್ದು ಒಂದೇ ಪಾತ್ರೆ. ಕೊಟ್ಟವರು ನನಗೆ ಮೋಸ ಮಾಡಲಿಲ್ಲ. ಅವರು ತಮ್ಮ ನಿಯಮದಂತೆ ನಡೆದರು, ನಾನು ಆ ನಿಯಮವನ್ನು ಕೇಳಲಿಲ್ಲ. ಹಳ್ಳಿಗೊಂದು ಹೆಪ್ಪು ಎಂಬ ನನ್ನ ಮಾತನ್ನು ಹಿಂದೆಗೆದುಕೊಳ್ಳುತ್ತಿದ್ದೇನೆ." ಆಮೇಲೆ ಬೂದಿಯ ತಗ್ಗಿನ ವಿಷಯ, ಉಷ್ಣಮಾಪಕದ ಅಂಕಿಗಳು. ಸಾಹೇಬ ಓದಿ ತುಟಿ ಕಚ್ಚಿದ. ಬೂದಿಯ ವಿಷಯವನ್ನಷ್ಟೇ ಹೊಸ ಲೇಖನ ಮಾಡು, ಹಳೆಯದನ್ನು ಕೆದಕಬೇಡ, ಯಾರೂ ಕೇಳಿಲ್ಲ ಎಂದ. ಕಲ್ಯಾಣಪ್ಪನಿಗೆ ಆ ಮಾತು ಬಹಳ ಹಿಡಿಸಿತು. ಒಂದು ವಾರ ತಿದ್ದುಪಡಿ ಮೇಜಿನ ಮೇಲೇ ಇತ್ತು. ಕೊನೆಗೆ ಒಂದು ಮಧ್ಯಾಹ್ನ, ಇನ್ನು ಹೆಚ್ಚು ಯೋಚಿಸಿದರೆ ಕೆಡುತ್ತೇನೆ ಎನಿಸಿ, ಎದ್ದು ಹೋಗಿ ಟಪಾಲಿಗೆ ಹಾಕಿಬಂದ. ಒಂದು ಪ್ರತಿ ಲಂಡನ್ನಿಗೆ, ಒಂದು ಪ್ರತಿ ಮತ್ತು ಒಂದೇ ಒಂದು ನಳಿಕೆ ಥೋರ್ಸೆನ್ನರಿಗೆ.

ಜೂನಿನಲ್ಲಿ ಜಾಗ ಇನ್ನೊಬ್ಬನಿಗೆ ಹೋಯಿತು. ತನ್ನ ಲೇಖನವನ್ನು ತಾನೇ ಸುಳ್ಳೆಂದವನನ್ನು ಮುಖ್ಯ ಸಹಾಯಕನನ್ನಾಗಿ ಮಾಡುವುದು ಹೇಗೆ ಎಂದು ಮಂಡಳಿಯವರು ಕೇಳಿದರಂತೆ. ಕೇಳಿದ್ದು ತಪ್ಪೆಂದು ಕಲ್ಯಾಣಪ್ಪನಿಗೂ ಅನಿಸಲಿಲ್ಲ. ಆದರೂ ಮೂರು ದಿನ ಅನ್ನ ಸೇರಲಿಲ್ಲ. ಮುಂದೆ ಯುರೋಪಿನಲ್ಲಿ ಯುದ್ಧ ಹತ್ತಿತು, ಪತ್ರಿಕೆಗಳು ಬರುವುದು ನಿಂತಿತು, ಅವನು ಸಿಪಾಯಿಗಳ ಹೊಟ್ಟೆಬೇನೆಯ ನಳಿಕೆ ತೊಳೆಯುತ್ತ ವರ್ಷಗಳನ್ನು ಕಳೆದ. ಅವನ ಲೇಖನಗಳು ಹದಿಮೂರಾದವು. ಬಲಗಡೆಯ ಒಂದೇ ಸಾಲನ್ನು ಅವನೇ ಕಾಟು ಹೊಡೆದಿದ್ದ.

ಸಾವಿರದ ಒಂಬೈನೂರಾ ಇಪ್ಪತ್ತೊಂದರಲ್ಲಿ ಥೋರ್ಸೆನ್ನರ ಪುಸ್ತಕದ ಹೊಸ ಆವೃತ್ತಿ ಬಂತು. ಇನ್ನೂರಾ ಹದಿನಾಲ್ಕನೇ ಪುಟದ ಆ ಮಾತು ಹೋಗಿತ್ತು. ಪುಸ್ತಕದ ಕೊನೆಯ ಹೆಸರುಪಟ್ಟಿಯಲ್ಲೂ ಕಲ್ಯಾಣಪ್ಪನಿರಲಿಲ್ಲ. ನ್ಯಾಯವೇ, ಎಂದುಕೊಂಡು ಮುಚ್ಚಹೊರಟವನಿಗೆ ಪಟ್ಟಿಯ ಆರಂಭದಲ್ಲಿ ಬಿ ಅಕ್ಷರದ ಕೆಳಗೆ ಇನ್ನೊಂದು ಹೆಸರು ಕಂಡಿತು. ಅದರ ಮುಂದೆ ಒಂಬತ್ತು ಪುಟಗಳ ಅಂಕಿ. ಆ ಪುಟಗಳನ್ನು ತಿರುವಿದ. ಬಂಡಮ್ಮ ತಳಿ ಬಿಸಿಯಲ್ಲಿ ಹೀಗೆ ಬೆಳೆಯಿತು, ಬಂಡಮ್ಮ ತಳಿಯಲ್ಲಿ ಹುಳಿ ಇಷ್ಟು, ಬಲ್ಗೇರಿಯದ ತಳಿಗಿಂತ ಬಂಡಮ್ಮ ತಳಿ ಸ್ಥಿರ, ಲಂಡನ್ನಿನ ಇಬ್ಬರು ಬಂಡಮ್ಮ ತಳಿಯಿಂದಲೇ ಮಾಡಿದ ಪ್ರಯೋಗ. ಅವನು ಕಳಿಸಿದ ನಳಿಕೆ, ಅವನು ಅಂಟಿಸಿದ ಚೀಟಿ. ಮೊದಲು ಬಂದದ್ದು ಹೊಟ್ಟೆಕಿಚ್ಚು. ಒಂದಕ್ಷರ ಬರೆಯದ ಹೆಂಗಸಿಗೆ ಒಂಬತ್ತು ಪುಟ, ಹದಿಮೂರು ಲೇಖನ ಬರೆದ ತನಗೆ ಸೊನ್ನೆ. ಎರಡು ದಿನ ಆ ಕಿಚ್ಚಿನಲ್ಲಿ ಬೆಂದ. ಮೂರನೇ ದಿನ, ಹೇಳಬೇಕಾದವರಿಗೆ ಹೇಳದೆ ಇಟ್ಟುಕೊಳ್ಳುವುದು ಕಳ್ಳತನವೆನಿಸಿ ರಜೆ ಬರೆದ.

ಬಂಡಮ್ಮನಿಗೆ ಈಗ ಅರವತ್ತು ದಾಟಿತ್ತು. ಹಿತ್ತಲಲ್ಲಿ ಬೆರಣಿಗೆ ಬೆಂಕಿ ಹಚ್ಚಿ ಕೂತಿದ್ದಳು. ಅವನು ಅವಳೆದುರು ಪುಸ್ತಕ ಬಿಚ್ಚಿ, ಒಂದೊಂದೇ ಪುಟ ತೆಗೆದು, ಅದರಲ್ಲೇನಿದೆ ಎಂದು ಕನ್ನಡದಲ್ಲಿ ಹೇಳಿದ.  ಒಂಬತ್ತೂ ಮುಗಿದ ಮೇಲೆ ಹೆಸರು ಯಾವುದು ತೋರಿಸು ಎಂದಳು. ತೋರಿಸಿದ. ಆ ಅಕ್ಷರಗಳನ್ನು ಮುಟ್ಟದೆ, ಬಗ್ಗಿ ನೋಡಿದಳು.

"ಇದು ನಂದು. ನಿಂದು ಎಲ್ಲ್ಯದ?"

"ನಂದಿಲ್ಲರೀ."

"ಯಾಕ?"

"ನಾ ಬರದದ್ದು ತಪ್ಪ ಇತ್ತು. ನಾನೇ ತಪ್ಪ ಅದ ಅಂತ ಹೇಳೀನಿ. ಅದಕ್ಕ ತೆಗದಾರ."

ಬಂಡಮ್ಮ ಸ್ವಲ್ಪ ಹೊತ್ತು ಬೆಂಕಿ ಸರಿಮಾಡಿದಳು. "ದಾಳಿಂಬದಾಗ ನಾ ಇದ್ದೀನಿ ಅಂತ ಅವರಿಗಿ ಯಾರು ಹೇಳ್ಯಾರ?"

"ನಾ ಹೇಳೀನಿ."

"ಹೆಪ್ಪ ಯಾರು ಒಯ್ದು ಕೊಟ್ಟಾರ?"

"ನಾನೇ."

"ಅದು ತಪ್ಪ ಇತ್ತೇನು?"

"ಇಲ್ಲ. ಅದು ಖರೆ ಇತ್ತು."

"ಹಂಗಾದರ ಖರೆ ಹೇಳ್ದವನ ಹೆಸರು ಬಿಟ್ಟು ಬರದಾರ," ಎಂದಳು ಬಂಡಮ್ಮ. ನೆರೆಮನೆಯವರು ಒಯ್ದ ಬಟ್ಟಲನ್ನು ತೊಳೆಯದೆ ವಾಪಸು ಕೊಟ್ಟದ್ದರ ಬಗ್ಗೆ ಹೇಳುವಷ್ಟೇ ಸಹಜವಾಗಿ ಹೇಳಿದಳು. "ಅವರದು ತಪ್ಪ ಅದ. ನಿಂದಲ್ಲ."

ಇಷ್ಟು ವರ್ಷಗಳಲ್ಲಿ ಈ ಮಾತನ್ನು ಕಲ್ಯಾಣಪ್ಪನಿಗೆ ಯಾರೂ ಹೇಳಿರಲಿಲ್ಲ, ಅವನೂ ತನಗೆ ತಾನು ಹೇಳಿಕೊಂಡಿರಲಿಲ್ಲ. ನಲವತ್ತು ದಾಟಿದ ಗಂಡಸು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಅತ್ತ. ಬೆರಣಿಯ ಹೊಗೆ ಬೇಕಾದಷ್ಟಿತ್ತು, ಆದರೆ ಅವನು ಅದರ ನೆಪ ಹೇಳಲಿಲ್ಲ.